6.5 ಕ್ರೀಡ್‌ಮೋರ್, 7 ಎಂಎಂ-08, .308: ಬೇಟೆಗೂ ಗುರಿಗೂ ಒಂದೇ ಕೋವಿ ಅಂದರೆ ಯಾವ ತೋಟಾ?

ಒಂಟಿನಳಿಗೆ:

ಬೋಲ್ಟ್ ಆಕ್ಷನ್ ಕೋವಿ (ಪ್ರತಿ ಈಡಿಗೂ ಬೋಲ್ಟನ್ನು ಕೈಯಿಂದ ಎಳೆದು ತೋಟಾ ತುಂಬುವಂಥದ್ದು) ಒಂದೇ ಕೊಳ್ಳುವುದು, ಎರಡು ಕೆಲಸಕ್ಕೂ ಅದೇ ಆಗಬೇಕು. ಒಂದು, ಪರವಾನಗಿ ಇರುವ ಜಾಗದಲ್ಲಿ ಜಿಂಕೆ, ಹಂದಿ ಗಾತ್ರದ ಪ್ರಾಣಿಗಳ ಬೇಟೆ. ದೂರ 300 ಗಜ ದಾಟುವುದಿಲ್ಲ. ಇನ್ನೊಂದು, ಕಾಗದ ಮತ್ತು ಉಕ್ಕಿನ ಗುರಿಹಲಗೆ. ಅದು ಹೆಚ್ಚಾಗಿ 600 ಗಜ, ಅಪರೂಪಕ್ಕೆ 1000.

ಸ್ಕೋಪ್ ಸೇರಿ ತೂಕ 8 ಪೌಂಡ್ ಆಸುಪಾಸು, ಬ್ಯಾರೆಲ್ 22 ಅಥವಾ 24 ಇಂಚು. ಕಂಪನಿ ತೋಟಾಗಳನ್ನೇ ಬಳಸುವುದು, ಕೈಯಲ್ಲಿ ಮದ್ದು ತುಂಬುವ ಯೋಚನೆ ಸದ್ಯಕ್ಕಿಲ್ಲ. ಪಟ್ಟಿಯಲ್ಲಿ ಉಳಿದಿರುವುದು 6.5 ಕ್ರೀಡ್‌ಮೋರ್, 7 ಎಂಎಂ-08 ಮತ್ತು .308 ವಿಂಚೆಸ್ಟರ್. .260 ರೆಮಿಂಗ್ಟನ್ ಮತ್ತು 6.5×55ರ ಹೆಸರೂ ಆಗಾಗ ಕಿವಿಗೆ ಬೀಳುತ್ತದೆ.

"6.5 ಅಂದರೆ ಲೇಸರ್ ಇದ್ದಂತೆ", ".308 ಮುದುಕ ಆಯಿತು" ಎಂಬ ಮಾತು ಎಲ್ಲೆಲ್ಲೂ ಇದೆ. ಅದು ಬೇಡ, ಲೆಕ್ಕ ಬೇಕು. 300 ಗಜದೊಳಗೆ ನಿಜಕ್ಕೂ ವ್ಯತ್ಯಾಸ ಇದೆಯೇ? 600ರಲ್ಲಿ, 1000ದಲ್ಲಿ ಎಷ್ಟು ಇಂಚು? ಆ ಲಾಭಕ್ಕೆ ಬ್ಯಾರೆಲ್ ಆಯಸ್ಸಿನಲ್ಲಿ ಎಷ್ಟು ತೆರಬೇಕಾಗುತ್ತದೆ?

ಗಾಳಿಲೆಕ್ಕ:

ಮೊದಲು ವಂಶಾವಳಿ, ಯಾಕೆಂದರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ. .308 ಬಂದದ್ದು 1952ರಲ್ಲಿ. ಅದೇ ಕೇಸಿನ (ಮದ್ದು ಹಿಡಿಯುವ ಹಿತ್ತಾಳೆ ಕೋಶ) ಕತ್ತನ್ನು 7 ಎಂಎಂ ಗುಂಡಿಗೆ ಕಿರಿದು ಮಾಡಿದರೆ 7 ಎಂಎಂ-08 (1980), 6.5 ಎಂಎಂಗೆ ಕಿರಿದು ಮಾಡಿದರೆ .260 (1997). ಕ್ರೀಡ್‌ಮೋರ್ 2007ರದ್ದು. ಅದು .30 ಟಿಸಿ ಎಂಬ ಇನ್ನೊಂದು ತೋಟಾದ ಕೇಸಿನಿಂದ ಹುಟ್ಟಿದ ದಾಯಾದಿ, ಆದರೆ ಬುಡದ ಅಳತೆ ಇವುಗಳದ್ದೇ: 0.473 ಇಂಚು. ಹಾಗಾಗಿ ಬೋಲ್ಟಿನ ಮುಖ ಒಂದೇ, ಆಕ್ಷನ್ನಿನ (ತೋಟಾ ತುಂಬಿ ಹೊರಹಾಕುವ ಯಂತ್ರಭಾಗ) ಉದ್ದವೂ ಒಂದೇ. ಒಳಗೆ ಹಿಡಿಯುವ ಮದ್ದೂ ಹೆಚ್ಚುಕಮ್ಮಿ ಅಷ್ಟೇ. ಬದಲಾಗುವುದು ಆ ಮದ್ದು ಎಷ್ಟು ದಪ್ಪದ ಗುಂಡನ್ನು ತಳ್ಳುತ್ತದೆ ಎಂಬುದು ಮಾತ್ರ.

24 ಇಂಚಿನ ಬ್ಯಾರೆಲ್ಲಿನಲ್ಲಿ ಕಂಪನಿ ತೋಟಾಗಳ ವೇಗ ಸುಮಾರಾಗಿ ಹೀಗೆ. 6.5 ಕ್ರೀಡ್‌ಮೋರ್ 143 ಗ್ರೇನ್ (ಗುಂಡಿನ ತೂಕ; ಒಂದು ಗ್ರೇನ್ ಸುಮಾರು 0.065 ಗ್ರಾಂ), ಸೆಕೆಂಡಿಗೆ 2700 ಅಡಿ. 7 ಎಂಎಂ-08, 140 ಗ್ರೇನ್, 2860. .308, 150 ಗ್ರೇನಿಗೆ 2820, 168 ಗ್ರೇನಿಗೆ 2650ರಿಂದ 2700.

ನೋಡಿ, ಬಾಯಿಂದ ಹೊರಡುವಾಗ ಕ್ರೀಡ್‌ಮೋರ್ ವೇಗದಲ್ಲೂ ಮುಂದಿಲ್ಲ, ಶಕ್ತಿಯಲ್ಲೂ ಮುಂದಿಲ್ಲ. 143 ಗ್ರೇನ್ ಗುಂಡಿನ ಶಕ್ತಿ ಸುಮಾರು 2315 ಅಡಿ-ಪೌಂಡ್, 7 ಎಂಎಂ-08ರದ್ದು 2540, .308ರ 168 ಗ್ರೇನಿನದ್ದು 2700. ಅದರ ಬಂಡವಾಳ ಇರುವುದು ಗುಂಡಿನ ಆಕಾರದಲ್ಲಿ. ಸಣ್ಣ ವ್ಯಾಸದಲ್ಲಿ ಉದ್ದನೆಯ ಗುಂಡು, ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ, ಪಡೆದ ವೇಗವನ್ನು ಬೇಗ ಬಿಟ್ಟುಕೊಡುವುದಿಲ್ಲ. 143 ಗ್ರೇನ್ ಇಎಲ್‌ಡಿ-ಎಕ್ಸ್ ಎಂಬ ಬೇಟೆ ಗುಂಡಿನ ಬಿ.ಸಿ. (ಗಾಳಿಯ ತಡೆ ಮೀರುವ ಗುಣದ ಅಂಕಿ, ಹೆಚ್ಚಿದ್ದಷ್ಟೂ ಒಳ್ಳೆಯದು) 0.625. .308ರ ಮಾಮೂಲಿ 150 ಗ್ರೇನ್ ಬೇಟೆ ಗುಂಡಿನದ್ದು 0.4ರ ಆಚೀಚೆ.

300 ಗಜದ ವಿಷಯ. ಮೂರನ್ನೂ 200 ಗಜಕ್ಕೆ ಜೀರೋ ಮಾಡಿ, ಅಂದರೆ ಸ್ಕೋಪ್ ತೋರಿಸುವ ಬಿಂದುವಿಗೇ ಆ ದೂರದಲ್ಲಿ ಗುಂಡು ಬೀಳುವಂತೆ ಹೊಂದಿಸಿ. 100ರಲ್ಲಿ ಮೂರೂ 2 ಇಂಚಿನ ಹತ್ತಿರ ಮೇಲೆ, 250ರಲ್ಲಿ 3ರಿಂದ 4 ಇಂಚು ಕೆಳಗೆ, 300ರಲ್ಲಿ 7ರಿಂದ 9 ಇಂಚು ಕೆಳಗೆ. ಗಂಟೆಗೆ 10 ಮೈಲಿಯ ಅಡ್ಡಗಾಳಿ 300 ಗಜದಲ್ಲಿ 6.5 ಅನ್ನು ಸುಮಾರು 5 ಇಂಚು ತಳ್ಳಿದರೆ 7 ಎಂಎಂ-08 ಅನ್ನು 6, 150 ಗ್ರೇನಿನ .308 ಅನ್ನು 7. ಜಿಂಕೆಯ ಎದೆಗೂಡಿನ ಮರ್ಮಸ್ಥಾನ 8 ಇಂಚು ಅಗಲ ಅಂತ ಇಟ್ಟುಕೊಂಡರೆ ಈ ಒಂದೆರಡು ಇಂಚಿಗಿಂತ ನಿಮ್ಮ ಕೈನಡುಕವೇ ದೊಡ್ಡದು. ಬೇಟೆಗೆ ಮೂರರಲ್ಲಿ ಯಾವುದನ್ನು ಕಣ್ಣುಮುಚ್ಚಿ ಎತ್ತಿಕೊಂಡರೂ ನಷ್ಟವಿಲ್ಲ.

600ಕ್ಕೆ ಬಂದಾಗ ಆಟ ಬದಲಾಗುತ್ತದೆ. ಅದೇ 10 ಮೈಲಿ ಗಾಳಿಗೆ 140 ಗ್ರೇನ್ ಮ್ಯಾಚ್ (ಸ್ಪರ್ಧೆಯ) ಗುಂಡಿನ 6.5 ಸುಮಾರು 22 ಇಂಚು ಸರಿಯುತ್ತದೆ, 168 ಗ್ರೇನಿನ .308 ಸುಮಾರು 34. ಈ ಅಂಕಿಗೆ ಹೆದರಬೇಡಿ, ತಿಳಿದ ಗಾಳಿಯನ್ನು ಯಾವ ತೋಟಾದಲ್ಲಾದರೂ ಸರಿಪಡಿಸಬಹುದು. ಕೆಡಿಸುವುದು ತಿಳಿಯದ ಗಾಳಿ. ಗಾಳಿಯನ್ನು ಗಂಟೆಗೆ 2 ಮೈಲಿ ತಪ್ಪಾಗಿ ಅಂದಾಜು ಮಾಡಿದಿರಿ ಅನ್ನೋಣ, ಎಲ್ಲರೂ ಮಾಡುವ ತಪ್ಪೇ ಅದು. 6.5 ನಾಲ್ಕೂವರೆ ಇಂಚು ಪಕ್ಕಕ್ಕೆ ಹೋಗುತ್ತದೆ, .308 ಏಳು ಇಂಚು. 12 ಇಂಚಿನ ಹಲಗೆಯ ನಡುವಿನಿಂದ ಅಂಚಿಗೆ 6 ಇಂಚು. ಒಂದೇ ತಪ್ಪಿಗೆ ಒಬ್ಬನ ಹಲಗೆ ಟಣ್ ಎನ್ನುತ್ತದೆ, ಇನ್ನೊಬ್ಬನ ಗುಂಡು ಮಣ್ಣಿಗೆ.

1000 ಗಜದಲ್ಲಿ ಅದೇ 10 ಮೈಲಿ ಗಾಳಿಗೆ 6.5 ಸುಮಾರು 6 ಅಡಿ ಸರಿಯುತ್ತದೆ, 175 ಗ್ರೇನಿನ .308 8 ಅಡಿ ದಾಟುತ್ತದೆ. 100 ಗಜದ ಜೀರೋದಿಂದ ಏರಿಸಬೇಕಾದ್ದು ಒಂದಕ್ಕೆ ಸುಮಾರು 9 ಮಿಲ್ (ಸ್ಕೋಪಿನ ಕೋನದ ಅಳತೆ; 1000 ಗಜದಲ್ಲಿ ಒಂದು ಮಿಲ್ ಅಂದರೆ 36 ಇಂಚು), ಇನ್ನೊಂದಕ್ಕೆ 11ರ ಮೇಲೆ. ಇವೆಲ್ಲ ಸಮುದ್ರಮಟ್ಟದ ಹವೆಯ ಲೆಕ್ಕ. ಎತ್ತರದ ಜಾಗದಲ್ಲಿ ಎಲ್ಲವೂ ಸ್ವಲ್ಪ ಕಡಿಮೆ.

ಒದೆತವನ್ನೂ ಸೇರಿಸಿಕೊಳ್ಳಿ. 8 ಪೌಂಡ್ ಕೋವಿಯಲ್ಲಿ 6.5 ಸುಮಾರು 13 ಅಡಿ-ಪೌಂಡ್, 7 ಎಂಎಂ-08 14ರ ಮೇಲೆ, .308 17. ಹೆಗಲು ನೋಯುವ ಮಾತಲ್ಲ ಇದು. ಈಡು ಹಾರಿದ ಮೇಲೂ ಗುರಿ ಸ್ಕೋಪಿನೊಳಗೇ ಉಳಿದು, ಗುಂಡು ಬಿದ್ದ ಜಾಗ ನಿಮ್ಮ ಕಣ್ಣಿಗೇ ಕಾಣಬೇಕು. ಕಂಡರೆ ಎರಡನೇ ಈಡನ್ನು ತಿದ್ದಿ ಹೊಡೆಯಬಹುದು. 13ಕ್ಕೆ ಅದು ಅಭ್ಯಾಸದಿಂದ ಸಾಧ್ಯ, 17ಕ್ಕೆ ಬ್ರೇಕ್ (ಬ್ಯಾರೆಲ್ಲಿನ ತುದಿಗೆ ಹಾಕುವ, ಒದೆತ ತಗ್ಗಿಸುವ ಸಾಧನ) ಇಲ್ಲದೆ ಕಷ್ಟ.

ನನ್ನ ಓಟು 6.5 ಕ್ರೀಡ್‌ಮೋರಿಗೆ. ಆದರೆ ಅದು 600 ಗಜದ ಕಾರಣಕ್ಕೆ, ಜಿಂಕೆಯ ಕಾರಣಕ್ಕಲ್ಲ.

ಹಳೇತೋಟಾ:

ಗಾಳಿಲೆಕ್ಕ ಅವರ ಅಂಕಿಗಳಲ್ಲಿ ತಪ್ಪಿಲ್ಲ. ಬ್ಯಾರೆಲ್ ಪ್ರಶ್ನೆಗೆ ಮಾತ್ರ ಉತ್ತರ ಬರಲಿಲ್ಲ.

ತೂತಿನ ಅಡ್ಡಕೊಯ್ತ ನೋಡಿ. 0.264ರ ವರ್ಗ, 0.308ರ ವರ್ಗ, ಎರಡನ್ನೂ ಭಾಗಿಸಿದರೆ 0.73. ಅಂದರೆ 6.5ರ ತೂತು .308ರ ತೂತಿನ ಮುಕ್ಕಾಲು ಭಾಗವೂ ಇಲ್ಲ. ಮದ್ದು ಮಾತ್ರ ಅಷ್ಟೇ, ನಲವತ್ತು ಗ್ರೇನಿನ ಮೇಲೆ. ಅಷ್ಟೇ ಬೆಂಕಿ ಕಿರಿದಾದ ಗಂಟಲಲ್ಲಿ ನುಗ್ಗುತ್ತದೆ. ಸವೆಯುವುದು ಬ್ಯಾರೆಲ್ಲಿನ ಬಾಯಲ್ಲ, ಚೇಂಬರಿನ (ತೋಟಾ ಕೂರುವ ಗೂಡು) ಮುಂದಿನ ಎರಡು ಮೂರು ಇಂಚು. ಬೋರ್‌ಸ್ಕೋಪ್ ಎಂಬ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರೆ ಬೇಸಿಗೆಯಲ್ಲಿ ಬತ್ತಿದ ಕೆರೆಯ ತಳದಂತೆ ಬಿರುಕು ಬಿಟ್ಟಿರುತ್ತದೆ.

ಒಳ್ಳೆಯ ಗುರಿಗಾರಿಕೆಗೆ 6.5 ಕ್ರೀಡ್‌ಮೋರ್ ಬ್ಯಾರೆಲ್ ಸಾಮಾನ್ಯವಾಗಿ 2000ದಿಂದ 3000 ಈಡು ಬಾಳುತ್ತದೆ. .308 ಐದು ಸಾವಿರ ದಾಟುವುದು ಅಪರೂಪವೇನಲ್ಲ. 7 ಎಂಎಂ-08 ನಡುವೆ. ಬೇಟೆಗೆ ಮಾತ್ರವಾದರೆ ಈ ಲೆಕ್ಕ ಅರ್ಥಹೀನ, ವರ್ಷಕ್ಕೆ 40 ಈಡು ಹೊಡೆಯುವವನ ಬ್ಯಾರೆಲ್ ಮೊಮ್ಮಕ್ಕಳಿಗೂ ಉಳಿಯುತ್ತದೆ. ಆದರೆ ತಿಂಗಳಿಗೆ 100 ಈಡು ಹಲಗೆಗೆ ಹೊಡೆಯುವವನಿಗೆ 6.5 ಎರಡು, ಎರಡೂವರೆ ವರ್ಷದ ಗಿರಾಕಿ. ಬಿಸಿಯಾದ ಬ್ಯಾರೆಲ್ಲಿನಲ್ಲಿ ಎಡೆಬಿಡದೆ ಹೊಡೆದರೆ ಇನ್ನೂ ಬೇಗ. ಬ್ಯಾರೆಲ್ಲನ್ನು ಬರಿಗೈಯಲ್ಲಿ ಹಿಡಿದಿರಲು ಆಗದಷ್ಟು ಕಾದರೆ ಬೋಲ್ಟ್ ತೆರೆದಿಟ್ಟು ಆರಲು ಬಿಡಿ. ತೋಟಾವನ್ನು ಬಿಸಿ ಚೇಂಬರಿನೊಳಗೆ ಇಟ್ಟುಕೊಂಡು ಕಾಯಬೇಡಿ, ಮದ್ದು ಕಾದು ಮುಂದಿನ ಈಡು ಮೇಲಕ್ಕೆ ಹೋಗುತ್ತದೆ.

ಮುಗಿಯುತ್ತಾ ಬಂದ ಬ್ಯಾರೆಲ್ ಹೀಗೆ ಹೇಳುತ್ತದೆ: ಅದೇ ತೋಟಾದ ವೇಗ ಕ್ರೋನೋಗ್ರಾಫಿನಲ್ಲಿ (ಗುಂಡಿನ ವೇಗ ಅಳೆಯುವ ಯಂತ್ರ) ಸೆಕೆಂಡಿಗೆ 50 ಅಡಿಯೋ ಹೆಚ್ಚೋ ಇಳಿದಿರುತ್ತದೆ, ಹಲಗೆಯ ಮೇಲಿನ ತೂತುಗಳ ಗುಂಪು ಮೇಲೆ ಕೆಳಗೆ ಉದ್ದವಾಗುತ್ತದೆ, ಕಾರಣವಿಲ್ಲದೆ ಒಂದೊಂದು ಈಡು ಗುಂಪು ಬಿಟ್ಟು ಹಾರುತ್ತದೆ. ಸ್ಕೋಪನ್ನು ಬೈಯುವ ಮುಂಚೆ ಈಡಿನ ಲೆಕ್ಕದ ಪುಸ್ತಕ ನೋಡಿ.

.308 ಕೊಳ್ಳುವವರಿಗೆ ಒಂದು ಎಚ್ಚರಿಕೆ. 1000 ಗಜಕ್ಕೆ ಹಳೆಯ 168 ಗ್ರೇನ್ ಸಿಯೆರಾ ಮ್ಯಾಚ್‌ಕಿಂಗ್ ಬೇಡ. ಅದನ್ನು ರೂಪಿಸಿದ್ದು 300 ಮೀಟರ್ ಸ್ಪರ್ಧೆಗೆ. ಅದರ ಹಿಂಭಾಗದ ಇಳಿಜಾರು 13 ಡಿಗ್ರಿ, ಕಡಿದು. ವೇಗ ಶಬ್ದದ ವೇಗದ ಹತ್ತಿರ ಇಳಿದಾಗ ತೂರಾಡಲು ಶುರು. ಹಲಗೆಯ ಮೇಲೆ ಗುಂಡು ಅಡ್ಡಡ್ಡ ಬಿದ್ದ ತೂತು ಕಂಡರೆ ಇದೇ ಕಾಯಿಲೆ. 600ರವರೆಗೆ ಅದು ಚಿನ್ನ. ಆಚೆಗೆ 175 ಗ್ರೇನ್, ಇಲ್ಲವೇ ಪಾಲ್ಮಾ ಎಂಬ ದೂರದ ಗುರಿಯ ಸ್ಪರ್ಧೆಯವರು ಬಳಸುವ 155 ಗ್ರೇನ್. ಪಾಲ್ಮಾದವರ ಬ್ಯಾರೆಲ್ 30 ಇಂಚಿನದ್ದು ಎಂಬುದನ್ನು ಮರೆಯಬೇಡಿ. ನಿಮ್ಮ 22 ಇಂಚಿನಲ್ಲಿ ಆ ವೇಗ ಬರುವುದಿಲ್ಲ.

ಇನ್ನೊಂದು: ಎಫ್-ಕ್ಲಾಸ್ ಎಂಬ ದೂರದ ಗುರಿಯ ಸ್ಪರ್ಧೆಯ ಎಫ್‌ಟಿಆರ್ ವಿಭಾಗದಲ್ಲಿ .308 ಮತ್ತು .223 ಮಾತ್ರ ನಡೆಯುತ್ತವೆ. 6.5 ಹಿಡಿದು ಹೋದರೆ ಓಪನ್ ವಿಭಾಗಕ್ಕೆ ಸೇರಿಸುತ್ತಾರೆ. ಅಲ್ಲಿ ಎದುರಾಳಿಯ ಕೋವಿ ನಿಮ್ಮದಕ್ಕಿಂತ ಎರಡೂವರೆ ಪಟ್ಟು ಭಾರ ಇದ್ದರೂ ಆಶ್ಚರ್ಯವಿಲ್ಲ.

ಮಿಲಿಮೀಟರ್:

.260 ಮತ್ತು 6.5×55 ಬಗ್ಗೆ ಚಿಕ್ಕದಾಗಿ.

.260 ಸೋತದ್ದು ಬಲದಲ್ಲಲ್ಲ, ಅಳತೆಯಲ್ಲಿ. ತುಂಬಿದ ತೋಟಾದ ಗರಿಷ್ಠ ಉದ್ದ 2.800 ಇಂಚು, ಕೇಸಿನ ಉದ್ದ 2.035. ಕೇಸಿನ ಹೊರಗೆ ಗುಂಡಿಗೆ ಉಳಿಯುವ ಜಾಗ 0.765 ಇಂಚು. ಕ್ರೀಡ್‌ಮೋರಿನಲ್ಲಿ ತೋಟಾ 2.825, ಕೇಸು 1.920, ಉಳಿಯುವುದು 0.905. ಮೂರೂವರೆ ಮಿಲಿಮೀಟರಿನ ವ್ಯತ್ಯಾಸ. 140 ಗ್ರೇನಿನ ಉದ್ದ ಮೂತಿಯ ಗುಂಡನ್ನು .260ಯಲ್ಲಿ ಮ್ಯಾಗಜೀನಿಗೆ ಹಿಡಿಯುವಂತೆ ಕೂರಿಸಿದರೆ ಬುಡ ಮದ್ದಿನ ಜಾಗಕ್ಕೆ ಇಳಿಯುತ್ತದೆ, ಮೂತಿಯ ಬಾಗು ಕೇಸಿನ ಬಾಯಿಗೇ ಬಂದು ನಿಲ್ಲುತ್ತದೆ. ಅದರ ಮೇಲೆ ಮೊದಮೊದಲ ಕೋವಿಗಳಲ್ಲಿ ಟ್ವಿಸ್ಟ್ (ಬ್ಯಾರೆಲ್ಲಿನೊಳಗೆ ಗುಂಡನ್ನು ತಿರುಗಿಸುವ ತಿರುಪು) 1:9 ಇತ್ತು, ಅಂದರೆ 9 ಇಂಚಿಗೆ ಒಂದು ಸುತ್ತು, ಉದ್ದ ಗುಂಡಿಗೆ ಸಾಲದು. ಕ್ರೀಡ್‌ಮೋರ್ ಶುರುವಿನಿಂದಲೇ 1:8. ತೋಟಾ, ಮ್ಯಾಗಜೀನ್, ಟ್ವಿಸ್ಟ್ ಮೂರನ್ನೂ ಒಟ್ಟಿಗೆ ಯೋಚಿಸಿ ಮಾಡಿದ್ದೇ ಅದರ ಜಾಣತನ, ಬೇರೆ ಮಾಯಾಜಾಲ ಇಲ್ಲ.

6.5×55 ಎಲ್ಲರ ಅಜ್ಜ, 1890ರ ದಶಕದ್ದು. ಕೇಸು ದೊಡ್ಡದು, ಆದರೂ ಕಂಪನಿ ತೋಟಾಗಳನ್ನು ಕಡಿಮೆ ಒತ್ತಡಕ್ಕೆ ತುಂಬುತ್ತಾರೆ. ಹಳೆಯ ಕ್ರಾಗ್, ಮೌಸರ್ ಕೋವಿಗಳು ಇನ್ನೂ ಜನರ ಕೈಯಲ್ಲಿವೆಯಲ್ಲ! ಅಮೆರಿಕದ ಕೋವಿ-ತೋಟಾ ತಯಾರಕರ ಸಂಸ್ಥೆ ಸಾಮಿಯ ಒತ್ತಡದ ಮಿತಿ 51,000 ಪಿಎಸ್‌ಐ, ಕ್ರೀಡ್‌ಮೋರಿನದ್ದು 62,000. ತೋಟಾದ ಉದ್ದ 80 ಎಂಎಂ, ಗಿಡ್ಡ ಆಕ್ಷನ್ನಿಗೆ ಹಿಡಿಸುವುದಿಲ್ಲ. ಬುಡವೂ 0.480 ಇಂಚು, ಒಂದು ಕೂದಲು ದಪ್ಪ. ಸ್ವೀಡನ್ನಿನಲ್ಲಿ ಮೂಸ್ (ಭಾರೀ ಗಾತ್ರದ ಜಿಂಕೆ ಜಾತಿ) ಬೇಟೆಗೆ 100 ಮೀಟರಿನಲ್ಲಿ ಗುಂಡು 9ರಿಂದ 10 ಗ್ರಾಂ ಆದರೆ 2700 ಜೂಲ್, 10 ಗ್ರಾಂ ಅಥವಾ ಹೆಚ್ಚಾದರೆ 2000 ಜೂಲ್ ಇರಬೇಕೆಂಬ ನಿಯಮ. 156 ಗ್ರೇನಿನ ಗುಂಡು 10.1 ಗ್ರಾಂ ತೂಗುತ್ತದೆ, ಹಾಗಾಗಿ ನಿಧಾನ ಹೋದರೂ ಪಾಸು. ಕೈಯಲ್ಲಿ ತುಂಬುವವರಿಗೆ ಇದು ಸೊಗಸಾದ ತೋಟಾ. ನೀವು ತುಂಬುವುದಿಲ್ಲ ಅಂದಿರಿ, ಬಿಡಿ.

ಒಂಟಿನಳಿಗೆ:

ತುಂಬಾ ಉಪಕಾರ. .260 ಮತ್ತು 6.5×55 ಪಟ್ಟಿಯಿಂದ ಹೊರಗೆ. ಈಗ ಎರಡು ಉಪಪ್ರಶ್ನೆ. ಹಲಗೆಗೆ ಹೊಡೆಯುವ ಮ್ಯಾಚ್ ತೋಟಾವನ್ನೇ ಬೇಟೆಗೂ ಒಯ್ದರೆ ಏನಾಗುತ್ತದೆ? ಜೀರೋ ಬದಲಿಸುವ ರಗಳೆ ತಪ್ಪುತ್ತದಲ್ಲ. ಮತ್ತೆ, 6.5ರ ಸಣ್ಣ ಗುಂಡು ಹಂದಿಯ ಹೆಗಲು ದಾಟುತ್ತದೆಯೇ?

ಸೀಸತಾಮ್ರ:

ಮೊದಲನೆಯದಕ್ಕೆ ಉತ್ತರ: ಒಯ್ಯಬೇಡಿ. ಮ್ಯಾಚ್ ಗುಂಡಿನ ಮೂತಿಯಲ್ಲಿ ಕಾಣುವ ತೂತು ಅರಳುವುದಕ್ಕೆ ಇಟ್ಟದ್ದಲ್ಲ. ತಾಮ್ರದ ಹೊದಿಕೆಯನ್ನು ಬುಡದಿಂದ ಮೂತಿಗೆ ಎಳೆದು ಮುಚ್ಚುವಾಗ ಉಳಿದ ಬಾಯಿ ಅದು. ಮಾಂಸಕ್ಕೆ ಬಿದ್ದಾಗ ಅದರ ನಡತೆ ಹೇಳಲಾಗದು. ಒಮ್ಮೆ ಸೂಜಿಯಂತೆ ತೂರಿ ಹೊರಟುಹೋಗುತ್ತದೆ, ಪ್ರಾಣಿ ಗಾಯ ಹೊತ್ತು ಮೈಲಿಗಟ್ಟಲೆ ನಡೆಯುತ್ತದೆ. ಇನ್ನೊಮ್ಮೆ ಹೆಗಲೆಲುಬಿಗೆ ತಾಗಿ ಮೇಲೇ ಚೂರಾಗುತ್ತದೆ. ಎರಡೂ ಹಿಂಸೆ.

ಎರಡನೆಯದು ಕ್ಯಾಲಿಬರಿನ ಪ್ರಶ್ನೆಯೇ ಅಲ್ಲ, ಗುಂಡಿನ ಕಟ್ಟಿನ ಪ್ರಶ್ನೆ. ವ್ಯಾಸಕ್ಕೆ ತಕ್ಕ ತೂಕ, ಅಂದರೆ ಸೆಕ್ಷನಲ್ ಡೆನ್ಸಿಟಿ, 6.5ರ 140 ಗ್ರೇನಿಗೆ 0.287. 7 ಎಂಎಂನ 140ಕ್ಕೆ 0.248, .308ರ 168ಕ್ಕೆ 0.253. ಒಳಹೋಗುವುದರಲ್ಲಿ ಸಣ್ಣ ಗುಂಡು ಹಿಂದೆ ಬಿದ್ದಿಲ್ಲ. ಆದರೆ ಈ ಅಂಕಿ ಅರಳುವ ಮುಂಚಿನದ್ದು. ತಾಗಿದ ಮೇಲೆ ಎಷ್ಟು ತೂಕ ಉಳಿಸಿಕೊಳ್ಳುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಹಂದಿಯ ಹೆಗಲಿಗೆ ಬಾಂಡೆಡ್ ಗುಂಡು, ಅಂದರೆ ಸೀಸವನ್ನು ಹೊದಿಕೆಗೆ ಬೆಸೆದದ್ದು, ಅಥವಾ ಪೂರ್ತಿ ತಾಮ್ರದ್ದು ತೆಗೆದುಕೊಳ್ಳಿ. ಎದೆಗೂಡಿಗೆ ಪಕ್ಕದಿಂದ ಹೊಡೆಯುವ ಜಿಂಕೆಗೆ ಸಾದಾ ಸೀಸ-ತಾಮ್ರದ ಗುಂಡೇ ಬೇಗ ಕೆಡವುತ್ತದೆ.

ತಾಮ್ರದ ಗುಂಡು ಅರಳಲು ವೇಗ ಬೇಕು. ತಾಗುವಾಗ ಸೆಕೆಂಡಿಗೆ 2000 ಅಡಿ ಇರಲಿ. ಡಬ್ಬಿಯ ಮೇಲೆ ಅದಕ್ಕಿಂತ ಕಡಿಮೆ ಬರೆದಿದ್ದರೂ ಅಂಚಿನವರೆಗೆ ಹೋಗಬೇಡಿ. ಸಾದಾ ಗುಂಡಿಗೆ 1800 ಸಾಕು. ನಿಮ್ಮ 300 ಗಜದಲ್ಲಿ 143 ಗ್ರೇನಿನ 6.5 ಸುಮಾರು 2300ರಲ್ಲಿರುತ್ತದೆ, ಚಿಂತೆಯಿಲ್ಲ. ಬ್ಯಾರೆಲ್ ಗಿಡ್ಡ ಮಾಡಿದರೆ ಒಂದೊಂದು ಇಂಚಿಗೂ 20ರಿಂದ 25 ಅಡಿ ಕಳೆಯುತ್ತಾ ಬನ್ನಿ.

ತಾಮ್ರ ಸೀಸಕ್ಕಿಂತ ಹಗುರ, ಆದ್ದರಿಂದ ಅದೇ ತೂಕಕ್ಕೆ ಗುಂಡು ಉದ್ದ. ಉದ್ದ ಗುಂಡಿಗೆ ಬಿಗಿ ಟ್ವಿಸ್ಟ್ ಬೇಕು. 6.5ರ 1:8ರಲ್ಲಿ 120, 130 ಗ್ರೇನ್ ತಾಮ್ರ ಸಲೀಸು. 7 ಎಂಎಂ-08 ಕೋವಿಗಳಲ್ಲಿ ಸಾಮಾನ್ಯವಾಗಿ 1:9.5 ಇರುತ್ತದೆ. 140 ಗ್ರೇನ್ ಬೇಟೆ ಗುಂಡಿಗೆ ಧಾರಾಳ, ಆದರೆ 180 ಗ್ರೇನಿನ ಉದ್ದ ಮ್ಯಾಚ್ ಗುಂಡು ಅದರಲ್ಲಿ ನೆಟ್ಟಗೆ ನಿಲ್ಲದು. 7 ಎಂಎಂ-08 ಬೇಟೆಗೆ ಇವುಗಳಲ್ಲೆಲ್ಲ ಹದವಾದ ತೋಟಾ ಅಂತಲೇ ನನ್ನ ಅಭಿಪ್ರಾಯ. ಗುರಿಯವರು ಕೈಬಿಟ್ಟದ್ದು ಈ ಟ್ವಿಸ್ಟಿನಿಂದ ಮತ್ತು ಕಂಪನಿ ಮ್ಯಾಚ್ ತೋಟಾ ವಿರಳವಾಗಿದ್ದರಿಂದ.

ಎರಡು ಬಗೆ ತೋಟಾಗಳಿಗೆ ಒಂದೇ ಸ್ಕೋಪ್ ಹೊಂದಿಸುವುದು ರಗಳೆಯಲ್ಲ. ಮ್ಯಾಚ್ ತೋಟಾದಿಂದ 100 ಗಜಕ್ಕೆ ಜೀರೋ ಮಾಡಿ ಸ್ಕೋಪಿನ ಬಿರಡೆಯನ್ನು ಸೊನ್ನೆಗೆ ತನ್ನಿ. ಬೇಟೆ ತೋಟಾಗೆ ಬದಲಾಯಿಸಿ ಮೊದಲ 5ರಿಂದ 10 ಈಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬ್ಯಾರೆಲ್ಲಿನೊಳಗೆ ಹಿಂದಿನ ಹೊದಿಕೆಯ ಪದರ ಇರುತ್ತದೆ, ಹೊಸ ಲೋಹ ಕೂರಬೇಕು. ತಾಮ್ರದ ಗುಂಡಿಗೆ ಇದು ಹೆಚ್ಚು. ಆಮೇಲೆ 10 ಈಡಿನ ಒಂದು ಗುಂಪು, ಆತುರವಿಲ್ಲದೆ. ಗುಂಪಿನ ನಡುಬಿಂದು ಜೀರೋದಿಂದ ಎಷ್ಟು ದೂರ ಅಂತ ಅಳೆಯಿರಿ. 0.1 ಮಿಲ್ ಕ್ಲಿಕ್ 100 ಗಜದಲ್ಲಿ 0.36 ಇಂಚು. "ಎರಡು ಕ್ಲಿಕ್ ಕೆಳಗೆ, ಒಂದು ಎಡಕ್ಕೆ" ಅಂತ ಚೀಟಿ ಬರೆದು ಸ್ಟಾಕಿಗೆ ಅಂಟಿಸಿ. ಮೂರು ಈಡಿನ ಗುಂಪು ನೋಡಿ ಕ್ಲಿಕ್ ತಿರುಗಿಸುವವರು ಜೀವಮಾನವಿಡೀ ತಿರುಗಿಸುತ್ತಲೇ ಇರುತ್ತಾರೆ.

ಬೇರೆ ದಿನ, ತಣ್ಣಗಿರುವ ಬ್ಯಾರೆಲ್ಲಿನಿಂದ ಒಂದೇ ಈಡು. ಹೀಗೆ ನಾಲ್ಕೈದು ದಿನ, ಒಂದೇ ಕಾಗದಕ್ಕೆ. ಬೇಟೆಯಲ್ಲಿ ಸಿಗುವುದು ಆ ಒಂದು ಈಡು. ಉಜ್ಜಿ ಎಣ್ಣೆ ಹಾಕಿದ ಬ್ಯಾರೆಲ್ಲಿನ ಮೊದಲ ಈಡು ಬೇರೆ ಕಡೆ ಹೋಗುವುದುಂಟು, ಅದಕ್ಕೇ ಶುಚಿ ಮಾಡಿದ ಮೇಲೆ ಒಂದೆರಡು ಈಡು ಹೊಡೆದೇ ಕಾಡಿಗೆ ಒಯ್ಯಿರಿ.

ಹಳೇತೋಟಾ:

ಮೇಲಿನದಕ್ಕೆ ಒಂದು ಸೇರ್ಪಡೆ, ಯಾರೂ ಎತ್ತಲಿಲ್ಲ. ಒಂದೇ ಕೇಸಿನ ಸಂತಾನ ಎಂಬುದು ಅಪಾಯವೂ ಹೌದು. 7 ಎಂಎಂ-08, .260, .243 ಮೂರೂ .308ರ ಚೇಂಬರಿನೊಳಗೆ ಹೋಗುತ್ತವೆ, ಬೋಲ್ಟ್ ಮುಚ್ಚುತ್ತದೆ, ಕುದುರೆ ಎಳೆದರೆ ಹಾರುತ್ತವೆ. ಗುಂಡು ಸಡಿಲವಾಗಿ ಉರುಳಿಕೊಂಡು ಹೋಗುತ್ತದೆ, ಕತ್ತು ಸೀಳುತ್ತದೆ, ಅನಿಲ ಹಿಂದಕ್ಕೆ ಬರಬಹುದು. ತಿರುಗುಮುರುಗಾಗಿ .308 ಅನ್ನು ಸಣ್ಣ ಚೇಂಬರಿಗೆ ಹಾಕಿದರೆ ಬೋಲ್ಟ್ ಮುಚ್ಚದು. ಮುಚ್ಚಲಿಲ್ಲ ಅಂತ ಅಂಗೈಯಿಂದ ಗುದ್ದಬೇಡಿ. ಬೆಂಚಿನ ಮೇಲೆ ಒಂದೇ ಬಗೆಯ ಡಬ್ಬಿ ಇರಲಿ, ಹಾಕುವ ಮುಂಚೆ ಕೇಸಿನ ಬುಡದ ಬರಹ ಓದಿ. ಕಣ್ಣಿಗೆ ರಕ್ಷಣೆ ಕಡ್ಡಾಯ.

ಬ್ರೇಕ್ ಹಾಕುವುದಾದರೆ ಬೇಟೆಯಲ್ಲೂ ಕಿವಿ ಮುಚ್ಚಿಕೊಳ್ಳಿ. ಬರಿಗಿವಿಯಲ್ಲಿ ಬ್ರೇಕಿನ ಒಂದು ಈಡು ಸಾಕು, ಸಿಳ್ಳೆ ಶುರುವಾಗುತ್ತದೆ. ಹೋದ ಕಿವಿ ವಾಪಸು ಬರುವುದಿಲ್ಲ.

ಗಾಳಿಲೆಕ್ಕ:

ಹಾಗಿದ್ದರೆ ಒಂಟಿನಳಿಗೆ ಅವರೇ, ನೀವು ಹೇಳಿದ ಕೆಲಸಕ್ಕೆ ಲೆಕ್ಕ ಇಷ್ಟು: ವರ್ಷಕ್ಕೆ 600 ಈಡಿನೊಳಗೆ, ಅದರಲ್ಲಿ ಹೆಚ್ಚಿನವು 600 ಗಜಕ್ಕೆ ಅಂತಾದರೆ 6.5 ಕ್ರೀಡ್‌ಮೋರ್, 24 ಇಂಚು, 1:8, ಬೇಟೆಗೆ 143 ಗ್ರೇನಿನ ಸಾದಾ ಅಥವಾ 130ರ ಸುಮಾರಿನ ತಾಮ್ರದ ಗುಂಡು, ಹಲಗೆಗೆ 140ರ ಮ್ಯಾಚ್. ಈಡು ಸಾವಿರ ದಾಟಿದರೆ, ದೂರ 400 ಗಜ ಮೀರದಿದ್ದರೆ ಹಳೇತೋಟಾ ಅವರ .308 ಸರಿ. ಟ್ವಿಸ್ಟ್ 1:10 ಇರಲಿ, 1:12 ಬೇಡ. ಬರೀ ಬೇಟೆ ಅಂದಿದ್ದರೆ ನಾನೂ 7 ಎಂಎಂ-08 ಅಂತಲೇ ಹೇಳುತ್ತಿದ್ದೆ.

ಒಂಟಿನಳಿಗೆ:

ವರ್ಷಕ್ಕೆ 400, 500 ಈಡು ಆದೀತು. 6.5 ಕ್ರೀಡ್‌ಮೋರ್, 24 ಇಂಚು, 1:8. ಈಡಿನ ಲೆಕ್ಕದ ಪುಸ್ತಕ ಮೊದಲ ದಿನದಿಂದಲೇ ಇಡುತ್ತೇನೆ.